ಅವ್ವನ ಕಿಡ್ನಿ, ಅಪ್ಪನ ಔಷಧ

ಬೇರೆಯವರ ಮನೆಯಲ್ಲಿ ಗಂಡ-ಹೆಂಡತಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ತವರಿಗೆ ಕಳಿಸಲಿಲ್ಲ, ಕೈಗೆ ಬಂಗಾರದ ಪಾಟಲಿ ಮಾಡಿಸಲಿಲ್ಲ ಅಂತ ಜಗಳಾಡುತ್ತಾರೆ. ನಮ್ಮ ಮನೆಯ ಜಗಳ ಕಿಡ್ನಿಯದು. ಕಮಲಾಪುರದ ಬಾಳೆ ತೋಟದಿಂದ ಅಪ್ಪ ಬಿಸಿಲಲ್ಲಿ ನಡೆದು ಬಂದನೆಂದರೆ ಸಾಕು, ಅವ್ವ ಕಟ್ಟೆಯ ಮೇಲೆ ನಿಂತೇ ಶುರು ಮಾಡುತ್ತಿದ್ದಳು.

"ನಿಮ್ಮ ಮೈ ನೀವು ಹೆಂಗರ ಹಾಳ ಮಾಡ್ಕೋರಿ, ನಾ ಕೇಳಂಗಿಲ್ಲ. ನನ್ನ ಕಿಡ್ನಿ ಯಾಕ ಬಿಸಲಾಗ ತಿರಗಸ್ತೀರಿ?"

"ಕೊಟ್ಟ ಮ್ಯಾಲ ಅದು ನಂದು."

"ಕೊಟ್ಟೀನಿ ಖರೆ. ಬಿಟ್ಟುಕೊಟ್ಟಿಲ್ಲ."

ಓಣಿಯ ಹೆಣ್ಣುಮಕ್ಕಳು ಇದನ್ನು ಕೇಳಲಿಕ್ಕೆಂದೇ ಆ ಹೊತ್ತಿಗೆ ಅಕ್ಕಿ ಹಸನು ಮಾಡಲು ಹೊರಗೆ ಬಂದು ಕೂಡುತ್ತಿದ್ದರು ಅಂತ ನನ್ನ ಗುಮಾನಿ.

ತೊಂಬತ್ತರ ದಶಕದ ಕೊನೆಗೆ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಮುಖ ಬಾತು, ಉಸಿರು ಹತ್ತಿ, ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋದಾಗ ಯಾರಾದರೂ ಒಂದು ಕಿಡ್ನಿ ಕೊಡಬೇಕು ಅಂದರು. ತೋಟ ನೋಡಿಕೊಳ್ಳುವ ನಮ್ಮಣ್ಣ ಮುಂದೆ ಬಂದ, ನಾನೂ ಬಂದೆ. ಅವ್ವ ಇಬ್ಬರನ್ನೂ ಹಿಂದಕ್ಕೆ ತಳ್ಳಿದಳು. "ಮಕ್ಕಳ ಹೊಟ್ಟಿ ಕೊಯ್ಸಾಕ ನಾ ಏನ್ ಸತ್ತೀನೇನು? ನಂದೇ ನೋಡ್ರಿ ಮೊದಲ" ಅಂದಳು. ನೋಡಿದರು, ಹೊಂದಿಕೆಯಾಯಿತು. ಮೂವತ್ತು ವರ್ಷ ಗಂಡನ ಒಂದು ಮಾತಿಗೂ ಹೊಂದಿಕೊಳ್ಳದ ಹೆಂಗಸಿನ ಕಿಡ್ನಿ ಮಾತ್ರ ಹೆಂಗ ಹೊಂದಿತೋ ಶಿವನೇ ಬಲ್ಲ ಅಂತ ಅಪ್ಪ ಆಪರೇಷನ್ ಆದಮೇಲೆ ನರ್ಸ್‌ಗಳ ಮುಂದೆ ಹೇಳಿ ನಗಿಸುತ್ತಿದ್ದ.

ಬಿಡುಗಡೆ ಮಾಡುವಾಗ ಡಾಕ್ಟರು ನಮ್ಮನ್ನೆಲ್ಲ ಕೂಡಿಸಿ ಹೇಳಿದ್ದು ಒಂದೇ ಮಾತು. ಮೈಯೊಳಗೆ ಬೇರೆಯವರ ಕಿಡ್ನಿ ಬಂದಿದ್ದನ್ನು ಮೈ ಕಳ್ಳ ಬಂದ ಹಾಗೆ ನೋಡುತ್ತದೆ, ಹೊಡೆದು ಹಾಕಲಿಕ್ಕೆ ನೋಡುತ್ತದೆ. ಅದನ್ನು ಸುಮ್ಮನೆ ಕೂಡಿಸುವ ಔಷಧ ಇದು. ಮುಂಜಾನೆ ಸಂಜೆ, ಸಾಯುವತನಕ. ರಕ್ತದಲ್ಲಿ ಇದರ ಪ್ರಮಾಣ ಇಳಿದರೆ ಕಿಡ್ನಿ ಹೋಗುತ್ತದೆ. "ಔರ್ ದೂಸರೀ ಬೀವಿ ಭೀ ನಹೀ ಹೈ ಆಪ್ ಕೇ ಪಾಸ್" ಅಂತ, ಕಿಡ್ನಿ ಕೊಡಲು ಎರಡನೇ ಹೆಂಡತಿಯೂ ಇಲ್ಲ ನಿಮಗೆ ಅಂತ, ಡಾಕ್ಟರು ಚೇಷ್ಟೆ ಮಾಡಿದರು. ಅವ್ವನಿಗೆ ಉರ್ದು ಅಷ್ಟು ಬರುತ್ತಿರಲಿಲ್ಲ, ಆದರೆ ಇದು ಮಾತ್ರ ಪೂರಾ ತಿಳಿಯಿತು.

ಆ ಔಷಧ ಎಣ್ಣೆಯಂಥದು. ಮೆತ್ತನೆಯ ಉದ್ದನೆಯ ಗುಳಿಗೆಯೊಳಗೆ ತುಂಬಿಟ್ಟಿರುತ್ತಿದ್ದರು, ಒಂಥರಾ ಘಾಟು ವಾಸನೆ. ಇಲ್ಲಿ ನನ್ನ ಪ್ರವೇಶ. ನಾನು ಆಗ ಕಲಬುರಗಿಯ ಒಂದು ಔಷಧ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಏನಂದರೆ: ನೀರಿಗೆ ಕರಗದ ಔಷಧವನ್ನು ಎಣ್ಣೆಯಲ್ಲಿ ಕರಗಿಸಿ, ಆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ತೇಲಿಸಿ, ಬಾಯಿಯಿಂದ ಕುಡಿಸುವುದು. ಹನಿ ಸಣ್ಣದಾದಷ್ಟೂ ಕರುಳು ಬೇಗ ಹೀರುತ್ತದೆ. ಇದಕ್ಕೆ ನ್ಯಾನೋ ಎಮಲ್ಷನ್ ಅಂತ ದೊಡ್ಡ ಹೆಸರು. ತೊಂದರೆ ಏನಂದರೆ ಎಣ್ಣೆಯ ಹನಿಗಳಿಗೆ ತವರುಮನೆ ಚಿಂತೆ ಜಾಸ್ತಿ. ಬಿಟ್ಟರೆ ಒಂದನ್ನೊಂದು ಹುಡುಕಿ ಕೂಡಿಕೊಂಡು ಮತ್ತೆ ಮೇಲೆ ಎಣ್ಣೆ, ಕೆಳಗೆ ನೀರು. ಹಾಗಾಗದಂತೆ ಹನಿಗೆ ಪಾಲಿಮರ್ ಅನ್ನುವ ಒಂದು ಪದಾರ್ಥದ ಹೊದಿಕೆ ಹಾಕಬೇಕು.

ಅವ್ವನಿಗೆ ಇದನ್ನು ತಿಳಿಸಿ ಹೇಳಿದ್ದು ಚಪಾತಿ ಉಂಡೆ ತೋರಿಸಿ. "ನೀ ಉಂಡಿ ಮಾಡಿ ಹಿಟ್ಟಿನಾಗ ಹೊಳ್ಳಿಸಿ ಇಡ್ತೀ ನೋಡು, ಒಂದಕ್ಕೊಂದು ಅಂಟಬಾರದಂತ? ಪಾಲಿಮರ್ ಅಂದ್ರ ಆ ಹಿಟ್ಟು."

"ಹಿಟ್ಟು ಹಚ್ಚೋದು ಕಲ್ಯಾಕ ಸರಕಾರ ನಿನಗ ಪಗಾರ ಕೊಡ್ತದ?"

ಸರಕಾರ ಕೊಡುತ್ತಿರಲಿಲ್ಲ, ಖಾಸಗಿ ಕಾಲೇಜು. ಅದನ್ನು ಹೇಳಿ ಇನ್ನಷ್ಟು ಮರ್ಯಾದೆ ಕಳೆದುಕೊಳ್ಳುವುದು ಬೇಡ ಅಂತ ಸುಮ್ಮನಾದೆ.

ಕಲಬುರಗಿಯ ಬೇಸಿಗೆಯಲ್ಲಿ ಮನುಷ್ಯರೇ ಕೆಟ್ಟು ಹೋಗುತ್ತಾರೆ, ನನ್ನ ಹನಿಗಳ ಪಾಡೇನು ಹೇಳ್ರಿ. ಮುಂಜಾನೆ ಹಾಲಿನಂತೆ ನಳನಳಿಸುತ್ತಿದ್ದ ಸೀಸೆ ಮಧ್ಯಾಹ್ನ ಕರೆಂಟು ಹೋಗಿ ಬರುವಷ್ಟರಲ್ಲಿ ಒಡೆದು ಕೂತಿರುತ್ತಿತ್ತು. ಶನಿವಾರ ಊರಿಗೆ ಹೋದರೆ ಅಪ್ಪ ಕ್ಷೇಮ ಸಮಾಚಾರ ಕೇಳುವ ಮೊದಲು "ಏನಪಾ, ಒಡೀತೇನು?" ಅಂತ ಕೇಳುತ್ತಿದ್ದ. ಒಡೆಯಿತು ಅಂದರೆ ಒಳಗೊಳಗೇ ಖುಷಿ. ಹೈದರಾಬಾದಿನ ಗುಳಿಗೆಯೂ ಹೆಚ್ಚುಕಡಿಮೆ ಅದೇ ವಿದ್ಯೆಯದು, ಹೊಟ್ಟೆಯ ನೀರಿಗೆ ಬಿದ್ದ ಕೂಡಲೇ ತಾನೇ ಸಣ್ಣ ಹನಿಯಾಗಿ ಹರಡುತ್ತದೆ, ನನ್ನ ಸಂಶೋಧನೆಗೆ ಅದು ದೊಡ್ಡಪ್ಪನ ಮಗ ಇದ್ದಂತೆ ಅಂತ ನಾನು ಜಂಬ ಕೊಚ್ಚಿದ್ದೆ. "ದೊಡ್ಡಪ್ಪನ ಮಗ ನೌಕರಿಗೆ ಹತ್ಯಾನ, ನಿನ್ನಂವ ಇನ್ನ ಓದಾಕತ್ತಾನ" ಅಂದ ಅಪ್ಪ.

ಅಪ್ಪನ ಒಂದು ನೇಮ ಹೇಳಿಬಿಡುತ್ತೇನೆ, ಇಡೀ ಕತೆ ನಿಂತಿರುವುದು ಅದರ ಮೇಲೆ. ಅಪ್ಪ ಕಟ್ಟಾ ಲಿಂಗವಂತ. ಸ್ನಾನವಾಗಿ, ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಎಡಗೈ ಮೇಲಿಟ್ಟು ಪೂಜೆ ಮಾಡಿ, ತಾನು ತಿನ್ನುವುದನ್ನು ಮೊದಲು ಅದಕ್ಕೆ ತೋರಿಸಿ ಆಮೇಲೆ ಬಾಯಿಗೆ. ರೊಟ್ಟಿ ಇರಲಿ, ಚಹಾ ಇರಲಿ. ಆಪರೇಷನ್ ಆದಮೇಲೆ ಗುಳಿಗೆಯೂ ಆ ಸಾಲಿಗೆ ಸೇರಿತು. ಲಿಂಗಕ್ಕೆ ತೋರಿಸಲಾಗದ್ದು ಅಪ್ಪನ ಬಾಯಿಗೆ ಇಳಿಯುತ್ತಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಅಪ್ಪ ಶರಣಬಸವೇಶ್ವರ ಗುಡಿಗೆ ಬಂದವನು, ನನ್ನ ಕಾಲೇಜು ನೋಡುತ್ತೇನೆ ಅಂತ ಒಂದು ಚಿಪ್ಪು ನಮ್ಮೂರ ಕೆಂಪು ಬಾಳೆಹಣ್ಣು ಹಿಡಿದು ಬಂದ. ನನ್ನ ಮಾರ್ಗದರ್ಶಕರು ಶಹಾಬಜಾರದ ಹಳೇ ಮನೆತನದವರು, ಮಾಧ್ವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಆಟೋದವನ ಜೊತೆ ಉರ್ದು. ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದಿಲ್ಲ ಅಂತ ಅವರಿಗೆ ಬಹಳ ದಿನದ ಕೊರಗು. ಅಪ್ಪ ಒಳಗೆ ಕಾಲಿಟ್ಟವನೇ ಯಂತ್ರ ಯಾವುದು, ಅದು ಏನು ಮಾಡುತ್ತದೆ, ಇಲಿ ಎಲ್ಲಿಂದ ತರುತ್ತೀರಿ ಅಂತ ಕೇಳತೊಡಗಿದ. ಸರ್ ಅರಳಿದರು. ಚಹಾ ತರಿಸಿದರು. ಅಪ್ಪ ಜೇಬಿನಿಂದ ತನ್ನ ಗುಳಿಗೆ ತೆಗೆದು ಅಂಗೈ ಮೇಲಿಟ್ಟ.

"ಒಳಗಿಂದು ಎಣ್ಣಿ ಅಂತ ನಮ್ಮ ಹುಡುಗ ಹೇಳ್ಯಾನ್ರೀ. ಹೊರಗಿನ ಈ ಟೊಪ್ಪಗಿ ಯಾತರದ್ದು?"

ನಾನು ಕೆಮ್ಮಿದೆ. ಸರ್‌ಗೆ ಕೇಳಿಸಲಿಲ್ಲ. "ಛಲೋ ಪ್ರಶ್ನಿ ಕೇಳಿದ್ರಿ ನೋಡ್ರಿ!" ಅಂದು, ದನದ ಚರ್ಮ ಎಲುಬು ಹೆಂಗ ನೆನೆಹಾಕುತ್ತಾರೆ, ಹೆಂಗ ಕುದಿಸುತ್ತಾರೆ, ಹೆಂಗ ಅದರ ಅಂಟು ತೆಗೆಯುತ್ತಾರೆ, ಅದೇ ಜಿಲೆಟಿನ್ನು ಅಂತ ಕೈ ಸನ್ನೆಯ ಸಮೇತ ವಿವರಿಸಿದರು. ಮೇಜಿನ ಕೆಳಗೆ ಅವರ ಕಾಲು ತುಳಿದೆ. ಕಾಲು ಹಿಂದೆ ತೆಗೆದುಕೊಂಡು ಮುಂದುವರಿಸಿದರು. ಅಪ್ಪನ ಮುಖ ನೋಡಿದ ಮೇಲೆಯೇ ಅವರಿಗೆ ಗೊತ್ತಾಗಿದ್ದು.

"ಅಲ್ರೀ, ನಾವೂ ತಗೋತೀವಿ ಮತ್ತ. ಔಷಧಕ್ಕ ದೋಷ ಇಲ್ಲಂತ ನಮ್ಮ ಹಿರೇರು ಅಂದಾರ."

"ಇರಲಿ ಬಿಡ್ರಿ ಸರ್" ಅಂದ ಅಪ್ಪ. "ನಿಮ್ಮ ದೇವರು ಗುಡಿಯಾಗ ಇರ್ತಾನ, ಅಲ್ಲಿಂದ ಅವಗ ಕಾಣಂಗಿಲ್ಲ. ನಮ್ಮಂವ ಎದಿ ಮ್ಯಾಲೇ ಕುಂತಾನ."

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪನೂ ನಕ್ಕು, ಗುಳಿಗೆಯನ್ನು ಜೇಬಿಗೆ ಹಾಕಿಕೊಂಡು ಹುಮನಾಬಾದ್ ಬಸ್ಸು ಹತ್ತಿ ಊರಿಗೆ ಹೋದ. ವಿಷಯ ಅಲ್ಲಿಗೆ ಮುಗಿಯಿತು ಅಂತ ನಾವು ತಿಳಿದಿದ್ದೆವು.

ಮುಂದಿನ ಸಲ ಹೈದರಾಬಾದಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಔಷಧದ ಪ್ರಮಾಣ ಕೆಳಗಿಳಿದಿತ್ತು. "ದವಾ ಬರಾಬರ್ ಲೇ ರಹೇ?" ಅಂತ, ಔಷಧ ಸರಿಯಾಗಿ ತಗೊಳ್ಳುತ್ತಿದ್ದೀರಾ ಅಂತ ಡಾಕ್ಟರು ಕೇಳಿದರು. "ಬರಾಬರ್ ಸಾಬ್, ಏಕ್ ಭೀ ನಹೀ ಛೋಡಾ" ಅಂದ ಅಪ್ಪ. ಅವ್ವ ಪಕ್ಕದಲ್ಲೇ ತಲೆಯಾಡಿಸಿದಳು. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಆಮೇಲೆ ಒಮ್ಮೆ ಏರಿತು, ಮತ್ತೆ ಬಿತ್ತು. ಕಿಡ್ನಿ ಸಣ್ಣಗೆ ಮುನಿಸಿಕೊಳ್ಳತೊಡಗಿದೆ, ಹಿಂಗೇ ನಡೆದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ನನಗೊಬ್ಬನಿಗೇ ಹೊರಗೆ ಕರೆದು ಹೇಳಿದರು. ಔಷಧ ಕರುಳಲ್ಲಿ ಹೀರುವ ವಿದ್ಯೆಯನ್ನೇ ಓದುತ್ತಿದ್ದ ನನಗೆ ಯಾಕೆ ಹಿಂಗಾಗುತ್ತಿದೆ ಅಂತ ತಿಳಿಯಲಿಲ್ಲ. ಗ್ರಂಥಾಲಯದಲ್ಲಿ ಕೂತು ಪಿತ್ತರಸ, ಊಟ, ಕರುಳಿನ ದೋಷ ಅಂತ ಏನೇನೋ ಓದಿದೆ.

ಮನೆಯಲ್ಲಿ ಜಗಳ ನಿಂತುಹೋಯಿತು. ಅಪ್ಪ ಬಿಸಿಲಲ್ಲಿ ತಿರುಗಿ ಬಂದರೂ ಅವ್ವ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ನೀರಿನ ತಂಬಿಗೆ ಮುಂದಿಡುತ್ತಿದ್ದಳು. ಆಗ ನನಗೆ ಖರೆ ಹೆದರಿಕೆ ಆಯಿತು. ಅಪ್ಪ ಹೋಗುತ್ತಾನೆ ಅನ್ನುವ ಹೆದರಿಕೆಗಿಂತ, ಅವ್ವ ತನ್ನದೇ ಮೈಯ ತುಂಡೊಂದು ಕಣ್ಣೆದುರು ಸಾಯುವುದನ್ನು ನೋಡಬೇಕಾಗುತ್ತದಲ್ಲ ಅನ್ನುವ ಹೆದರಿಕೆಯೇ ದೊಡ್ಡದಿತ್ತು.

ಒಂದು ರವಿವಾರ ಮುಂಜಾನೆ ಊರಲ್ಲಿದ್ದೆ. ಅಪ್ಪ ಪೂಜೆಗೆ ಕೂತಿದ್ದ. ಚಹಾ ಕೇಳಲಿಕ್ಕೆ ಅಡುಗೆ ಮನೆಗೆ ಹೋದರೆ, ಅವ್ವ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಕೂತಿದ್ದಾಳೆ. ಒಂದು ಕೈಯಲ್ಲಿ ಕೌದಿ ಹೊಲಿಯುವ ಸೂಜಿ. ಇನ್ನೊಂದು ಕೈಯಲ್ಲಿ ಅಪ್ಪನ ಗುಳಿಗೆ. ಚುಚ್ಚಿದಳು. ಎರಡು ಬೆರಳಲ್ಲಿ ಹಿಡಿದು ಕೆಂಪು ಬಾಳೆಹಣ್ಣಿನ ಹೋಳಿನ ಮೇಲೆ ಹಿಂಡಿದಳು. ಖಾಲಿ ಟೊಪ್ಪಿಗೆಯನ್ನು ಬದಿಯ ತಾಟಿನಲ್ಲಿ ಬಿದ್ದಿದ್ದ ಉಳಿದವುಗಳ ಜೊತೆ ಎಸೆದಳು. ಬೆರಳನ್ನು ಸೆರಗಿಗೆ ಒರೆಸಿದಳು.

"ಅವ್ವಾ! ಏನ್ ಮಾಡಾಕತ್ತೀ ಇದು?"

"ಯಾಕ ಚೀರ್ತೀ? ಔಷಧ ತಯಾರ್ ಮಾಡಾಕತ್ತೀನಿ. ಆ ಟೊಪ್ಪಗಿ ಲಿಂಗಕ್ಕ ತೋರ್ಸಂಗಿಲ್ಲಂತ, ತಿಂಗಳಗಟ್ಲೆ ಆತು. ನಾ ಮಾತ್ರ ಒಂದ್ ದಿನ ತಪ್ಪಿಸಿಲ್ಲ ನೋಡು. ಬರೋಬ್ಬರಿ ಹಿಂಡ್ತೀನಿ."

ಅವಳ ದನಿಯಲ್ಲಿ ಜಂಬವೂ ಇತ್ತು. ಗಂಡನ ನೇಮವೂ ಉಳಿಯಬೇಕು, ತನ್ನ ಕಿಡ್ನಿಯೂ ಉಳಿಯಬೇಕು, ಎರಡಕ್ಕೂ ದಾರಿ ತಾನೇ ಕಂಡುಹಿಡಿದಿದ್ದಳು. ಡಾಕ್ಟರ ಮುಂದೆ ಇಬ್ಬರೂ ಹೇಳಿದ್ದು ಸುಳ್ಳಲ್ಲ. ಒಂದೂ ಬಿಟ್ಟಿರಲಿಲ್ಲ, ನಿಜ. ಬೈಯುವುದು ಬಿಟ್ಟು ತಾಟನ್ನು ಹತ್ತಿರ ಎಳೆದುಕೊಂಡೆ.

ಖಾಲಿ ಅಂತ ಎಸೆದ ಟೊಪ್ಪಿಗೆಗಳನ್ನು ಆರಿಸಿ, ಬ್ಲೇಡಿನಿಂದ ಸೀಳಿ, ಒಂದು ಗಾಜಿನ ಗ್ಲಾಸಿನಲ್ಲಿ ನೀರು ಹಾಕಿ ಅದರೊಳಗೆ ಅಲ್ಲಾಡಿಸಿದೆ. ನೀರು ಮೊದಲು ನೀಲಿ ಛಾಯೆ ಹಿಡಿದು ಆಮೇಲೆ ತೆಳು ಮಜ್ಜಿಗೆಯಂತೆ ಬೆಳ್ಳಗಾಯಿತು. ನನ್ನ ಲ್ಯಾಬಿನಲ್ಲಿ ಅಷ್ಟೆಲ್ಲಾ ಯಂತ್ರ ತಿರುಗಿಸಿದರೂ ಇಷ್ಟು ಚೆಂದದ ಎಮಲ್ಷನ್ ಆಗಿರಲಿಲ್ಲ, ಆ ಮಾತು ಬೇರೆ.

"ಇದು ಏನು?" ಅಂದಳು ಅವ್ವ.

"ನೀ ಒಗದ ಔಷಧ. ದಿನಾ ಇಷ್ಟು ಟೊಪ್ಪಗಿಯಾಗೇ ಉಳೀತಿತ್ತು. ಒಂದಿಷ್ಟು ನಿನ್ನ ಬೆರಳಿಗೆ, ಒಂದಿಷ್ಟು ಸೆರಗಿಗೆ. ಒಂದ್ ದಿನ ಹೆಚ್ಚು, ಒಂದ್ ದಿನ ಕಡಿ."

ಅವ್ವ ಗ್ಲಾಸನ್ನೇ ನೋಡಿದಳು. "ಅಯ್ಯ ಶಿವನೇ, ನನ್ನ ಕೈಲೇ ನಾ ಚೆಲ್ಲಿದ್ನಾ?" ಅಂದವಳೇ ಸೂಜಿ ಕೆಳಗಿಟ್ಟು, ಕನ್ನಡಕ ತೆಗೆದು ಅತ್ತುಬಿಟ್ಟಳು. ನನ್ನ ಅವ್ವ ಅಳುವ ಪೈಕಿ ಅಲ್ಲ. ಆಪರೇಷನ್ ಕೋಣೆಗೆ ಒಯ್ಯುವಾಗಲೂ ಸ್ಟ್ರೆಚರಿನ ಹುಡುಗನಿಗೆ "ಜರಾ ಮೆಲ್ಲಕ ನೂಕೋ, ಎಮ್ಮಿ ಹೊಡದಂಗ ಹೊಡೀಬ್ಯಾಡ" ಅಂದವಳು.

ಪೂಜೆ ಮುಗಿಸಿ ಬಂದ ಅಪ್ಪ ವಿಷಯ ಕೇಳಿ ಅವ್ವನ ಪಕ್ಕ ಕೂತ. "ಉಳದ ಟೊಪ್ಪಗಿ ಎಲ್ಲಿ ಒಗೀತಿದ್ದಿ?" ಅಂತ ಅವ್ವನನ್ನು ಕೇಳಿದ.

"ಹಿತ್ತಲ ಬಾಳಿ ಗಿಡದ ಬುಡಕ್ಕ."

"ಹಂಗಾದ್ರ ಆ ಗಿಡಕ್ಕ ಒಂದು ಕಿಡ್ನಿ ಕೂಡಸ್ರಿ. ಭಾಳ ಛಂದ ಹತ್ತತದ."

ಯಾರೂ ನಗಲಿಲ್ಲ. ಅಪ್ಪನೂ ನಗಿಸಬೇಕು ಅಂತ ಅಂದದ್ದಲ್ಲ, ಅವ್ವನ ಅಳು ನಿಲ್ಲಿಸಬೇಕು ಅಂತ ಅಂದದ್ದು. ಆದರೆ ಟೊಪ್ಪಿಗೆ ಸಮೇತ ನುಂಗು ಅಂದಾಗ ಮಾತ್ರ ಕಲ್ಲಾಗಿಬಿಟ್ಟ. ಸತ್ತರೂ ಆಗುವುದಿಲ್ಲ ಅಂದ. ಬೇಡಿಕೊಂಡೆ, ಸಿಟ್ಟು ಮಾಡಿದೆ, ಅಣ್ಣ ಬಂದು ಕೂಗಾಡಿದ. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ.

"ನೀ ಮಾಡ್ತೀಯಲ್ಲ, ಸೀಸೆದಾಗ, ಟೊಪ್ಪಗಿ ಇಲ್ಲದ್ದು. ಅದೇ ಕೊಡು. ಕುಡೀತೀನಿ."

"ಅದು ಬ್ಯಾರೆ ಔಷಧ ಅಪ್ಪಾ, ನೋವಿಂದು. ಕಿಡ್ನಿಗೆ ಅಲ್ಲ. ಮ್ಯಾಲ ಅದನ್ನ ಮನುಷ್ಯಾರಿಗೆ ಕೊಡೋ ಹಂಗಿಲ್ಲ. ಇನ್ನ ಇಲಿ ಮ್ಯಾಲ ನೋಡಾಕತ್ತೀವಿ."

"ಇಲಿಗೆ ಕೊಡ್ತಿ, ಅಪ್ಪಗ ಕೊಡಂಗಿಲ್ಲ?"

"ಇಲಿ ಸತ್ರ ಇನ್ನೊಂದು ತರ್ತೀವಪಾ!"

"ನಿನ್ನ ಕೈಲೇ ಮಾಡಿದ್ದು ಅಂದ್ರ ನನಗೇನೂ ಆಗಂಗಿಲ್ಲ. ಅದರಾಗಿನ ಔಷಧ ತಗದು ನಂದು ಹಾಕು. ಹಿಟ್ಟು ಹಚ್ಚೋದು ನಿನಗ ಬರ್ತದಲ್ಲ?"

ಇದನ್ನು ಅಪ್ಪ ಚೇಷ್ಟೆಗೆ ಹೇಳಲಿಲ್ಲ. ವಾರವಾರ ಒಡೆಯಿತೇನು ಅಂತ ಕೇಳಿ ಕಾಡಿದವನು, ನಾನು ಮಾಡಿದ್ದನ್ನು ಕಣ್ಣು ಮುಚ್ಚಿ ಕುಡಿಯಲಿಕ್ಕೆ ತಯಾರಿದ್ದ. ಎದೆ ತುಂಬಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ನಂಬಿಕೆ ಇದ್ದವನು ನಾನು ಕುಡಿ ಅಂದದ್ದನ್ನು ಯಾಕೆ ಕುಡಿಯುವುದಿಲ್ಲ? "ಆಗಂಗಿಲ್ಲ ಅಂದ್ರ ಆಗಂಗಿಲ್ಲ" ಅಂತ ನಾನೂ ಅವನ ಮಗನೇ ಅನ್ನುವ ಹಾಗೆ ಹೇಳಿ, ಬಸ್ಸು ಹತ್ತಿದೆ.

ಸೋಮವಾರ ಸರ್ ಮುಂದೆ ಎಲ್ಲಾ ಹೇಳಿದೆ. ತಮ್ಮ ಪಾಠದ ಫಲ ಕೇಳಿ ಅವರ ಮುಖ ಸಣ್ಣದಾಯಿತು. ಆ ದಿನವೆಲ್ಲ ಪುಸ್ತಕ ತಿರುವಿ, ಪರಿಚಯದವರಿಗೆ ಫೋನು ಮಾಡಿ, ಅದೇ ಔಷಧ ಟೊಪ್ಪಿಗೆ ಇಲ್ಲದೆ ಸೀಸೆಯಲ್ಲಿ ದ್ರವವಾಗಿಯೂ ಬರುತ್ತದೆ ಅಂತ ಹುಡುಕಿ ಹೇಳಿದರು. ನಾನು ಎಸ್‌ಟಿಡಿ ಬೂತಿನಿಂದ ಹೈದರಾಬಾದಿನ ಡಾಕ್ಟರಿಗೆ ಮಾತಾಡಿದೆ. ಸೂಜಿಯ ಕತೆ ಕೇಳಿ ಅವರು ಬಹಳ ಹೊತ್ತು ನಕ್ಕು, ಆಮೇಲೆ ಬೈದು, ಸೀಸೆಯದೇ ಕೊಡಿ, ಅಳತೆ ಇಷ್ಟು ಅಂತ ಹೇಳಿದರು. ಸ್ಟೇಶನ್ ಬಜಾರದ ಒಂದು ಔಷಧದ ಅಂಗಡಿಯವರು ತರಿಸಿಕೊಟ್ಟರು; ಅದು ಬರುವತನಕ ಅವ್ವ ಹಿಂಡುವುದೇ ನಡೆಯಿತು.

ಸೀಸೆ ಕೈಗೆ ಬಂದ ದಿನ ಸರ್ ಅದರ ಮೇಲಿನ ಸಣ್ಣ ಅಕ್ಷರ ಓದಿ, ಕನ್ನಡಕ ಮೇಲೆ ಸರಿಸಿ, ನನ್ನನ್ನು ನೋಡಿದರು. ನಾನೂ ಓದಿದೆ. ಔಷಧ ಎಣ್ಣೆಯಲ್ಲಿ ಕರಗಿ ನಿಲ್ಲಲಿಕ್ಕೆ ಅದರಲ್ಲಿ ಸ್ವಲ್ಪ ಆಲ್ಕೋಹಾಲ್ ಸೇರಿಸಿದ್ದರು. ಗುಳಿಗೆಯೊಳಗೂ ಅದು ಇತ್ತು, ಆದರೆ ಗುಳಿಗೆ ಬಾಯಿ ಬಿಟ್ಟು ಹೇಳಿರಲಿಲ್ಲ. ನಮ್ಮಪ್ಪ ಯಾರು? ಬಸ್‌ಸ್ಟ್ಯಾಂಡಿನ ಹತ್ತಿರದ ಸೇಂದಿ ಅಂಗಡಿ ಎತ್ತಿಸಲಿಕ್ಕೆ ಊರ ಹೆಂಗಸರನ್ನು ಕಟ್ಟಿಕೊಂಡು ತಹಶೀಲ ಕಚೇರಿ ಮುಂದೆ ಕೂತವನು.

"ನಾ ಈ ಸಲ ಬಾಯಿ ಬಿಡಂಗಿಲ್ಲಪಾ" ಅಂದರು ಸರ್. "ನೀನೂ ಬಿಡಬ್ಯಾಡ."

ಕಮಲಾಪುರದ ಹಾದಿಯುದ್ದಕ್ಕೂ ಬಿಡಬಾರದು ಅಂತಲೇ ಗಟ್ಟಿ ಮಾಡಿಕೊಂಡು ಹೋದೆ. ಮನೆಯಲ್ಲಿ ಎಲ್ಲರ ಎದುರು ಪಿಚಕಾರಿಯಂಥ ಅಳತೆಕೊಳವೆಯಲ್ಲಿ ಔಷಧ ಎಳೆದು, ಮೋಸಂಬಿ ರಸ ಹಾಕಿದ ಗಾಜಿನ ಗ್ಲಾಸಿಗೆ ಬಿಟ್ಟು ಕಲಸಿದೆ. ಅಪ್ಪ ಲಿಂಗ ಎಡಗೈ ಮೇಲಿಟ್ಟುಕೊಂಡು ಗ್ಲಾಸು ಹಿಡಿದ.

"ಇದರಾಗ ಏನೇನದ?"

ಲಿಂಗ ಕೈಯಲ್ಲಿ ಹಿಡಿದು ಕೇಳುವವನಿಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. "ಔಷಧ, ಎಣ್ಣಿ... ಮತ್ತ ಒಂದೀಟು ಸ್ಪಿರಿಟ್ಟು" ಅಂದೆ.

ಅಪ್ಪ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. "ಒಂದರಾಗ ಚರ್ಮ, ಒಂದರಾಗ ಸೆರೆ. ನಿಮ್ಮ ವಿದ್ಯಾದಾಗ ನನ್ನಂಥವಗ ಜಾಗ ಇಲ್ಲಪಾ" ಅಂದ. ನಾನು ಬಾಯಿ ಬಿಟ್ಟದ್ದಕ್ಕೆ ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ.

ಅಷ್ಟು ದಿನ ಜಗಳ ಬಿಟ್ಟಿದ್ದ ಅವ್ವ ಅಡುಗೆ ಮನೆಯಿಂದ ಬಂದಳು. ಬಂದವಳೇ ಅಪ್ಪನ ಎದುರು ನೆಲಕ್ಕೆ ಕೂತಳು.

"ಕಿಡ್ನಿ ಯಾರದು?"

"ಈಗ ಆ ಮಾತು ಯಾಕ..."

"ಯಾರದು ಹೇಳ್ರಿ."

"ನಿಂದು."

"ಹಾಂ. ಅದಕ್ಕ ನೇಮ ಇಲ್ಲ, ನಿಷ್ಠಿ ಇಲ್ಲ. ಅದಕ್ಕ ಹಸಿವಾಗ್ಯದ. ನಿಮ್ಮ ಊಟ ನಿಮ್ಮ ಲಿಂಗಕ್ಕ ತೋರಸ್ರಿ, ನಾ ಅಡ್ಡ ಬರಂಗಿಲ್ಲ. ಇದು ನನ್ನ ಊಟ, ನಾ ನನ್ನ ಲಿಂಗಕ್ಕ ತೋರಸ್ತೀನಿ. ತಪ್ಪಿದ್ರ ನನಗ ಇರಲಿ." ಕೊರಳಿಂದ ತನ್ನ ಲಿಂಗ ತೆಗೆದು ಅಂಗೈ ಮೇಲಿಟ್ಟು, ಗ್ಲಾಸು ಅದರ ಮುಂದೆ ಹಿಡಿದು, ಕಣ್ಣು ಮುಚ್ಚಿ ತೆಗೆದಳು. "ತಗೋರಿ. ಕುಡಿಯಾಕಿ ನಾನು. ನಿಮ್ಮ ಬಾಯಿ ಬರೀ ಬಾಗಲ."

ಅಪ್ಪ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಗ್ಲಾಸು ಇಸಿದುಕೊಂಡ. ಗಟಗಟ ಕುಡಿದ. ಮುಖ ಕಿವುಚಿ, "ನಿನ್ನ ಊಟ ಭಾಳ ಹೊಲಸದ" ಅಂದ. "ನಿಮ್ಮ ಕೂಡ ಇದ್ದು ಹಂಗಾಗ್ಯದ" ಅಂದಳು ಅವ್ವ. ಹೊರಗೆ ಅಕ್ಕಿ ಹಸನು ಮಾಡುವವರು ಇದ್ದಿದ್ದರೆ ಅವರಿಗೆ ಹಬ್ಬವಾಗುತ್ತಿತ್ತು.

ಅಲ್ಲಿಂದ ರಕ್ತದಲ್ಲಿ ಪ್ರಮಾಣ ನೆಟ್ಟಗೆ ನಿಂತಿತು, ಕಿಡ್ನಿಯ ಮುನಿಸು ಇಳಿಯಿತು. ವರ್ಷಗಳು ಹಂಗೇ ಹೋದವು. ನನ್ನ ಹನಿಗಳೂ ಕೊನೆಗೆ ಒಡೆಯದೆ ನಿಂತವು, ನಾನು ಪಿಎಚ್.ಡಿ. ಮುಗಿಸಿದೆ. "ನಮ್ಮ ಸಣ್ಣಾಂವ ಡಾಕ್ಟರ್, ಇಲಿ ಡಾಕ್ಟರ್" ಅಂತ ಅಪ್ಪ ಬೀಗರಿಗೆಲ್ಲ ಪರಿಚಯ ಮಾಡಿಸುತ್ತಿದ್ದ. ನಾನು ಮಾಡಿದ ಔಷಧ ಯಾವ ಮನುಷ್ಯನ ಹೊಟ್ಟೆಗೂ ಹೋಗಲಿಲ್ಲ, ಅದು ಅಲ್ಲೇ ಗ್ರಂಥಾಲಯದಲ್ಲಿದೆ. ಮುಂಜಾನೆ ಸಂಜೆ ಅವ್ವ ತನ್ನ ಊಟ ಕಲಸುವುದು, ಅಪ್ಪ ಬಾಗಿಲು ತೆರೆಯುವುದು ನಡೆದೇ ಇತ್ತು.

ಅಪ್ಪನ ಕಿಡ್ನಿಯ ಚಿಂತೆಯಲ್ಲಿದ್ದ ನಾವು ಅವ್ವನ ಎದೆಯ ಕಡೆ ನೋಡಿರಲಿಲ್ಲ. ಒಂದು ಚಳಿಗಾಲದ ಬೆಳಗಾಗುವ ಹೊತ್ತಿಗೆ ಎದೆ ಹಿಡಿದುಕೊಂಡು ಕೂತವಳು ಹಾಗೇ ಹೋಗಿಬಿಟ್ಟಳು. ನಾನು ಕಲಬುರಗಿಯಿಂದ ಮುಟ್ಟುವಷ್ಟರಲ್ಲಿ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಭಜನೆಯವರು ಬಂದಿದ್ದರು. ಅಪ್ಪ ಅವಳ ಪಕ್ಕದಲ್ಲಿ ಅವಳ ಹಾಗೆಯೇ ಗೋಡೆಗೆ ಒರಗಿ ಕೂತಿದ್ದ. ಕಣ್ಣಲ್ಲಿ ನೀರಿರಲಿಲ್ಲ.

ನಮ್ಮಲ್ಲಿ ಮಣ್ಣಾಗುವತನಕ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರ ಬಾಯಿಗೂ ಏನೂ ಹೋಗುವುದಿಲ್ಲ. ಅಪ್ಪ ಇಂಥವನ್ನು ಒಂದಿಷ್ಟೂ ತಪ್ಪಿದವನಲ್ಲ. ಔಷಧದ ಹೊತ್ತು ಆಗಿದೆ ಅಂತ ನನಗೆ ಗೊತ್ತಿತ್ತು, ಹೇಳಲಿಕ್ಕೆ ಬಾಯಿ ಬರಲಿಲ್ಲ. ಅಪ್ಪನೇ ತಲೆ ಎತ್ತಿದ.

"ತಮ್ಮಾ, ಗ್ಲಾಸ್ ತಾ."

ಕಲಸಿ ತಂದುಕೊಟ್ಟೆ. ಕೈಯಲ್ಲಿ ಗ್ಲಾಸು ಕಂಡು ಊರ ಹಿರಿಯರೊಬ್ಬರು ಹತ್ತಿರ ಬಂದು ಬಗ್ಗಿದರು. "ಇವತ್ತೊಂದ್ ದಿನ ಬಿಡ್ರೀ. ಆಕೀದು ಮಣ್ಣಾಗೋತನಕ ತಡೀರಿ."

"ಆಕಿ ಇನ್ನ ಪೂರಾ ಹೋಗಿಲ್ಲಪಾ" ಅಂದ ಅಪ್ಪ. ಕೈ ತನ್ನ ಹೊಟ್ಟೆಯ ಬಲಬದಿಗೆ ಹೋಯಿತು. "ಒಂದು ಪಾಲು ನನ್ನ ಹಂತ್ಯಾಕ ಅದ. ಅದನ್ನ ಉಪಾಸ ಕೆಡವಿದ್ರ ಈಕಿ ನನಗ ಬೈತಾಳ."

ಕುಡಿದ. ಗ್ಲಾಸು ನನ್ನ ಕೈಗೆ ಕೊಟ್ಟು, ಅವ್ವನ ಕಡೆ ತಿರುಗಿ, ಬೈಗುಳಕ್ಕೆ ಕಾಯುವವನಂತೆ ಒಂದು ಗಳಿಗೆ ನೋಡಿದ. ಆಮೇಲೆ ಅಳಲಿಕ್ಕೆ ಶುರು ಮಾಡಿದ.